ಅರಬ್ಬೀ ಕವಿತೆಯಲ್ಲಿ ಶಿಲುಬೆ ಮತ್ತು ಪ್ರವಾದಿಗಳು

ಪ್ರಶ್ನೆ: ಯೇಸು ಶಿಲುಬೆಯ ಮೇಲೆ ಮಡಿದನೆಂಬುದನ್ನು ಇಸ್ಲಾಂ ಒಪ್ಪುವುದಿಲ್ಲ. ಹೀಗಿದ್ದೂ ಮುಸ್ಲಿಂ ಮನೆತನಗಳಲ್ಲಿ ಹುಟ್ಟಿದ ಆಧುನಿಕ ಅರಬ್ಬೀ ಕವಿಗಳು ಶಿಲುಬೆಗೇರಿದ ಕ್ರಿಸ್ತನನ್ನು ಕವಿತೆಗೆ ತಂದದ್ದೇಕೆ? ತಮ್ಮದೇ ಪರಂಪರೆಯ ಪ್ರವಾದಿಗಳು ಅವರಿಗೆ ಸಾಲಲಿಲ್ಲವೇ?

ಉತ್ತರ: ಯೇಸುವನ್ನು ಶಿಲುಬೆಗೇರಿಸಲಿಲ್ಲವೆಂದು ಕುರ್‌ಆನಿನ ನಾಲ್ಕನೆಯ ಅಧ್ಯಾಯ ಸ್ಪಷ್ಟವಾಗಿಯೇ ಹೇಳುತ್ತದೆ, ಆ ಕವಿಗಳಿಗೆ ಇದು ಗೊತ್ತಿದ್ದ ವಿಷಯವೇ. ಆದರೆ ಮತತತ್ತ್ವದ ಚರ್ಚೆ ಅವರ ಉದ್ದೇಶವಾಗಿರಲಿಲ್ಲ. ಜನರಿಗಾಗಿ ಸತ್ತು, ಆ ಸಾವಿನಿಂದಲೇ ಬದುಕನ್ನು ಚಿಗುರಿಸುವ ಒಬ್ಬನ ದನಿ ಅವರಿಗೆ ಬೇಕಾಗಿತ್ತು. ಇರಾಕಿನ ಬದ್ರ್ ಶಾಕಿರ್ ಅಲ್-ಸಯ್ಯಾಬ್ (1926–1964) ಅವರ ‘ಶಿಲುಬೆಯ ನಂತರ ಕ್ರಿಸ್ತ’ ಕವಿತೆಯಲ್ಲಿ ಮಾತನಾಡುವವನು ಶಿಲುಬೆಯಿಂದ ಕೆಳಗಿಳಿಸಲ್ಪಟ್ಟ ಕ್ರಿಸ್ತ. ಬಸ್ರಾದ ಸಮೀಪದ ಜೈಕೂರ್, ಅಂದರೆ ಕವಿಯ ಹುಟ್ಟೂರು, ಹಸಿರಾದಾಗ ಅವನ ಎದೆ ಮಣ್ಣಾಗಿ, ಗೋಧಿಯಾಗಿ, ತಿಳಿನೀರಾಗಿ ಮಿಡಿಯುತ್ತದೆ. ಸತ್ತು ಮರಳುವ ಪ್ರಾಚೀನ ಮೆಸೊಪೊಟೇಮಿಯಾದ ದೇವತೆ ತಮ್ಮೂಜ್ ಅವನೊಳಗೆ ಬೆರೆತಿರುವುದರಿಂದ ಆ ಕ್ರಿಸ್ತ ಯಾವುದೇ ಒಂದು ಮತಕ್ಕೆ ಸೀಮಿತನಾಗಿ ಉಳಿಯುವುದಿಲ್ಲ.

ತಮ್ಮ ಪರಂಪರೆಯ ಪ್ರವಾದಿಗಳನ್ನೂ ಅವರು ಮರೆಯಲಿಲ್ಲ. ನರರೋಗದಿಂದ ಕುಗ್ಗಿ ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಕಾಲದಲ್ಲಿ ಇದೇ ಸಯ್ಯಾಬ್, ಕಷ್ಟಗಳನ್ನೆಲ್ಲ ತಾಳ್ಮೆಯಿಂದ ಸಹಿಸಿದ ಪ್ರವಾದಿ ಅಯ್ಯೂಬರ (ಬೈಬಲಿನ ಯೋಬ) ಬಾಯಿಂದ, ಸಂಕಟ ಎಷ್ಟೇ ದೀರ್ಘವಾದರೂ ದೇವರನ್ನು ಸ್ತುತಿಸಿದರು. ಪ್ಯಾಲೆಸ್ಟೀನಿನ ಮಹಮೂದ್ ದರ್ವೀಶ್ ಅವರ ‘ಅಪ್ಪಾ, ನಾನು ಯೂಸುಫ್’ ಕವಿತೆಯಲ್ಲಿ ಅಣ್ಣಂದಿರಿಂದ ಬಾವಿಗೆ ತಳ್ಳಲ್ಪಟ್ಟ ಪ್ರವಾದಿ ಯೂಸುಫ್ (ಬೈಬಲಿನ ಯೋಸೇಫ) ತಂದೆಯೊಡನೆ ದೂರಿಕೊಳ್ಳುತ್ತಾನೆ. ನೆರೆಯ ಅರಬ್ ಸೋದರರೇ ಕೈಬಿಟ್ಟ ಪ್ಯಾಲೆಸ್ಟೀನಿಯನ್ನರ ಅಳಲನ್ನು ಓದುಗರು ಅದರಲ್ಲಿ ಕೇಳಿದರು. ಇದನ್ನು ಹಾಡಿದ ಲೆಬನಾನಿನ ಮಾರ್ಸೆಲ್ ಖಲೀಫೆ ಅವರ ಮೇಲೆ, ಕೊನೆಯಲ್ಲಿ ಕುರ್‌ಆನಿನ ವಚನ ಬರುತ್ತದೆಂಬ ಕಾರಣಕ್ಕೆ, ಧರ್ಮನಿಂದನೆಯ ಮೊಕದ್ದಮೆ ನಡೆದು, 1999ರಲ್ಲಿ ಬೈರೂತಿನ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.

ಇವೆಲ್ಲಕ್ಕಿಂತ ಎದೆಗಾರಿಕೆಯ ಪ್ರಯೋಗವೆಂದು ನನಗೆ ತೋರುವುದು ಈಜಿಪ್ಟಿನ ಅಮಲ್ ದುನ್ಕುಲ್ ಅವರದು. ಮಹಾಪ್ರವಾಹದ ಕಾಲದಲ್ಲಿ ಪ್ರವಾದಿ ನೂಹರ (ಬೈಬಲಿನ ನೋಹ) ನಾವೆಯನ್ನೇರಲು ಒಪ್ಪದೆ ಮುಳುಗಿದ ಮಗ ಕುರ್‌ಆನಿನಲ್ಲಿ ಅವಿಧೇಯ. ದುನ್ಕುಲ್ ಅವರಲ್ಲಿ ಅವನು, ಗಣ್ಯರೆಲ್ಲ ನಾವೆಯತ್ತ ಓಡುವಾಗ, ತಾಯ್ನಾಡನ್ನು ತೊರೆಯದೆ ಯುವಕರೊಡನೆ ನಿಂತು ಪ್ರವಾಹಕ್ಕೆ ತಡೆಯೊಡ್ಡುವವನು. ಮೂಲ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಓದುಗನಿಗೆ ಈ ತಿರುವು ಎಷ್ಟು ಆಳಕ್ಕೆ ತಾಗಿರಬೇಕೆಂಬುದನ್ನು ಅರಿಯಲು, ತಾವು ಕುರ್‌ಆನಿನ ‘ಹೂದ್’ ಅಧ್ಯಾಯದಲ್ಲಿರುವ ತಂದೆ-ಮಗನ ಸಂವಾದವನ್ನು ಮೊದಲು ಓದಿ, ಆಮೇಲೆ ಕವಿತೆಗೆ ಬರುವುದು ಒಳ್ಳೆಯದು.