ಹೊಸೂರಿನಲ್ಲಿ ಇಷ್ಟೊಂದು ಕಾರ್ಖಾನೆ ಇದ್ದರೂ ಡಿಸೈನ್, ಕನ್ಸಲ್ಟಿಂಗ್ ಕಂಪನಿಗಳೆಲ್ಲ ಬೆಂಗಳೂರಿನಲ್ಲೇ ಯಾಕೆ?

ಬಾಡಿಗೆ ಕಡಿಮೆ, ಗಿರಾಕಿಗಳು ಪಕ್ಕದಲ್ಲೇ ಇದ್ದಾರೆ, ಹೊಸೂರಲ್ಲೇ ಡಿಸೈನ್ ಆಫೀಸು ಹಾಕಿದರೆ ಹೇಗೆ ಅಂತಲೂ ಕೇಳಿದ್ದೀರಿ. ನಾನು ಇಲ್ಲೇ ಸಿಪ್‌ಕಾಟ್‌ನಲ್ಲಿ, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶದಲ್ಲಿ, ಪ್ಲಾಸ್ಟಿಕ್ ಬಿಡಿಭಾಗದ ಕಂಪನಿಯೊಂದರ ಟೂಲ್ ರೂಮಿನಲ್ಲಿದ್ದೀನಿ (ಟೂಲ್ ಅಂದರೆ ಇಲ್ಲಿ ಪ್ಲಾಸ್ಟಿಕ್ ಎರಕದ ಅಚ್ಚು). ಅಲ್ಲಿಂದ ಕಂಡಷ್ಟು ಹೇಳ್ತೀನಿ.

ಬಾಡಿಗೆ ಲೆಕ್ಕ ಮೊದಲು ಬಿಡಿ. ಕಾರ್ಖಾನೆಗೆ ಎಕರೆಗಟ್ಟಲೆ ಜಾಗ ಬೇಕು. 1980ರ ಆಸುಪಾಸಿನಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಆಮೇಲೆ ಟೈಟಾನ್ ಇಲ್ಲಿಗೆ ಬಂದವು. ಡಿಸೈನ್ ಕಂಪನಿಗೆ ಖರ್ಚು ಅಂದರೆ ಮುಖ್ಯವಾಗಿ ಸಂಬಳ. ಟೈಟಾನ್ ವಾಚು ಹೊಸೂರಲ್ಲಿ ತಯಾರಾಗುತ್ತೆ, ಹೆಡ್ ಆಫೀಸು ಮಾತ್ರ ಎಲೆಕ್ಟ್ರಾನಿಕ್ ಸಿಟಿಯಲ್ಲಿ.

ಆ ಸಂಬಳದ ಜನ ಬೆಂಗಳೂರಲ್ಲಿ ಒಂದೇ ದಿನಕ್ಕೆ ಕೂಡಿದವರಲ್ಲ. 1909ರಲ್ಲಿ ಐಐಎಸ್‌ಸಿ, 1940ರಲ್ಲಿ ಎಚ್‌ಎಎಲ್, 1954ರಲ್ಲಿ ಬಿಇಎಲ್. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬರುವ ಹೊತ್ತಿಗೆ ಪಳಗಿದ ಎಂಜಿನಿಯರುಗಳು ಅಲ್ಲಿ ಆಗಲೇ ಇದ್ದರು. ಅಲ್ಲಿ ಮನೆ ಬದಲಿಸದೆ ಕಂಪನಿ ಬದಲಿಸಬಹುದು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಇರೋದರಿಂದ, ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಡೆ ಸೇರಬೇಡ ಅಂತ ಯಾರನ್ನೂ ಕಟ್ಟಿಹಾಕೋದು ಕಷ್ಟ. (ಕಂಪನಿಯ ಗುಟ್ಟು ಹೊತ್ತೊಯ್ಯೋದು ಬೇರೆ ಮಾತು.) ಹೀಗೆ ಒಂದು ಕಡೆ ಕಲಿತದ್ದು ಹತ್ತು ಕಡೆ ಹರಡುತ್ತೆ.

ನಮ್ಮಲ್ಲಿ ಒಂದು ಸ್ವಿಚ್ ಕವರಿನ ಮೇಲೆ ಸಿಂಕ್ ಮಾರ್ಕ್, ಅಂದರೆ ಸಣ್ಣ ಗುಳಿ, ಹೋಗ್ತಾನೇ ಇರಲಿಲ್ಲ. ಡ್ರಾಯಿಂಗು, ಫೋಟೊ ಎಲ್ಲ ಮೇಲ್‌ನಲ್ಲಿ ಓಡಾಡಿದ್ದೇ ಬಂತು. ಕೊನೆಗೆ ಪೀಣ್ಯದಿಂದ ಮೋಲ್ಡ್ (ಅಚ್ಚು) ಡಿಸೈನರ್ ಒಬ್ಬರು ಬಂದರು. ಪೀಸನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಹೆಬ್ಬೆರಳಲ್ಲಿ ಸವರಿ, "ಹಿಂದಿನ ರಿಬ್ ದಪ್ಪ ಆಯ್ತು ಸಾರ್, ಗೋಡೆ ದಪ್ಪದ ಅರ್ಧಕ್ಕೆ ಇಳಿಸಿ" ಅಂದರು. ರಿಬ್ ಅಂದರೆ ಬಲಕ್ಕೆ ಅಂತ ಹಿಂದೆ ಕೊಡೋ ಪಟ್ಟಿ. ಬೇರೆ ಬೇರೆ ಕಂಪನಿಗಳ ಟೂಲ್ ನೋಡಿ ಬಂದ ಕಣ್ಣು ಅದು. ನಮ್ಮೊಬ್ಬರ ಕೆಲಸವನ್ನೇ ನೆಚ್ಚಿಕೊಂಡು ಇಲ್ಲಿ ಕೂತಿದ್ದರೆ ಬರ್ತಿರಲಿಲ್ಲ. ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗೋ ದೂರ ಆಗಿರೋದೇ ಹೊಸೂರಿನ ತೊಂದರೆ. ಇಲ್ಲೊಂದು ಆಫೀಸು ಯಾಕೆ ಬೇಕು ಹೇಳಿ? 2025ರಲ್ಲಿ ಮೆಟ್ರೊ ಬೊಮ್ಮಸಂದ್ರಕ್ಕೆ ಬಂತು. ಅದು ಅತ್ತಿಬೆಲೆ ದಾಟಿ ಬಂದರೆ ಆಫೀಸುಗಳೂ ಬರುತ್ತವೆ ಅಂತಾರೆ. ನನಗೇನೋ ನಮ್ಮ ಹುಡುಗರು ಅತ್ತ ಹೋಗೋದೇ ಇನ್ನೂ ಸಲೀಸಾಗುತ್ತೆ ಅನಿಸುತ್ತೆ.

ಟಿವಿಎಸ್ ತನ್ನ ಆರ್ ಅಂಡ್ ಡಿ ವಿಭಾಗವನ್ನು ಹೊಸೂರಲ್ಲೇ ಇಟ್ಟುಕೊಂಡಿದೆ, ನಿಜ. ಆದರೆ ಅದು ಅವರ ಸ್ವಂತ ಗಾಡಿಗಳ ಕೆಲಸ. ನೀವೂ ಫಿಕ್ಸ್ಚರ್ (ಕೆಲಸದ ವಸ್ತುವನ್ನು ಹಿಡಿದಿಡೋ ಸಾಧನ), ಗೇಜ್ (ಅಳತೆ ಪರೀಕ್ಷಿಸೋ ಸಾಧನ) ಥರ ಶಾಪ್ ಫ್ಲೋರಿಗೆ ದಿನಾ ಓಡಬೇಕಾದ ಡಿಸೈನ್ ಮಾಡೋದಾದರೆ ಇಲ್ಲೇ ಶುರುಮಾಡಿ. ಹತ್ತಾರು ಕಂಪನಿಗಳಿಗೆ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲೇ ಡಿಸೈನ್ ಪರೀಕ್ಷೆ, ಮಾಡಿಕೊಡೋದಾದರೆ ಬೊಮ್ಮಸಂದ್ರದ ಆಚೆಯೇ ಜಾಗ ಹುಡುಕಿ, ಜನ ಸಿಗೋದು ಅಲ್ಲಿ.