ನಾಜಿ ಸಂಹಾರ ಶಿಬಿರಗಳನ್ನು ಕಟ್ಟಿದ ಇಂಜಿನಿಯರುಗಳಿಗೆ ತಾವೇನು ಕಟ್ಟುತ್ತಿದ್ದೇವೆ ಎಂಬುದು ಗೊತ್ತಿತ್ತೇ?

ಗೊತ್ತಿತ್ತು. ಆಶ್‌ವಿಟ್ಜ್ ಒಂದನ್ನೇ ನೋಡಿದರೂ ಸಾಕು.

ಅಲ್ಲಿನ ಶವ ಸುಡುವ ಕುಲುಮೆಗಳನ್ನು ಮಾಡಿದ್ದು ಜರ್ಮನಿಯ ಎರ್ಫುರ್ಟ್ ನಗರದ ಟಾಪ್ಫ್ ಕಂಪನಿ. ಬಿಯರ್ ಕಾರ್ಖಾನೆಗಳಿಗೆ ಮಾಲ್ಟ್ ಯಂತ್ರೋಪಕರಣ ಒದಗಿಸುತ್ತಿದ್ದ ಹಳೆಯ ಸಂಸ್ಥೆ ಅದು. ಅದರ ಇಂಜಿನಿಯರ್ ಕುರ್ಟ್ ಪ್ರೂಫರ್ ಮತ್ತೆ ಮತ್ತೆ ಶಿಬಿರಕ್ಕೇ ಹೋಗಿ ಕೆಲಸ ನೋಡಿಕೊಂಡ. ವಿಷಾನಿಲ ಕೋಣೆಗಳ ಗಾಳಿ ಹೊರಹಾಕುವ ವ್ಯವಸ್ಥೆ ಕಾರ್ಲ್ ಶುಲ್ಟ್ಸೆಯದು. ಕೊಲ್ಲಲು ಬಳಸಿದ ವಿಷಾನಿಲವಾದ ಹೈಡ್ರೋಜನ್ ಸಯನೈಡ್‌ನ ಉಳಿಕೆಯನ್ನು ಪತ್ತೆಹಚ್ಚುವ ಉಪಕರಣಗಳ ಬಗ್ಗೆ ಕಂಪನಿ 1943ರ ಮಾರ್ಚ್‌ನಲ್ಲಿ ಬರೆದ ಪತ್ರ ಇಂದಿಗೂ ಇದೆ. ನಕ್ಷೆಯಲ್ಲಿ ಬರೆದಂತೆ ಅದು ಬರೀ ಹೆಣ ಇಡುವ ಕೋಣೆಯಾಗಿದ್ದರೆ ಸಯನೈಡ್ ಅಳೆಯುವ ಅಗತ್ಯವೇನಿತ್ತು?

ನನ್ನನ್ನು ಹೆಚ್ಚು ಕಾಡುವವನು ಫ್ರಿಟ್ಜ್ ಸಾಂಡರ್. ಎಡೆಬಿಡದೆ ಹೆಣಗಳನ್ನು ಸುಡಬಲ್ಲ ಕುಲುಮೆಯೊಂದನ್ನು ಈತ 1942ರಲ್ಲಿ ತಾನಾಗಿಯೇ ರೂಪಿಸಿ, ಪೇಟೆಂಟ್‌ಗೂ ಮುಂದಾದ. ಮುಂದಿನ ವರ್ಷದ ಜೂನ್ 28ರ, ಶಿಬಿರಗಳನ್ನು ನಡೆಸುತ್ತಿದ್ದ ನಾಜಿ ಪಡೆಯಾದ ಎಸ್‌ಎಸ್ ನಿರ್ಮಾಣ ಕಚೇರಿಯ ಪತ್ರದಲ್ಲಿ ಆಶ್‌ವಿಟ್ಜ್‌ನ ಕುಲುಮೆಗಳು ದಿನಕ್ಕೆ 4,756 ದೇಹಗಳನ್ನು ಸುಡಬಲ್ಲವು ಎಂಬ ಲೆಕ್ಕವಿದೆ. ಕಾರ್ಖಾನೆಯ ಉತ್ಪಾದನೆಯ ಲೆಕ್ಕ ಬರೆದಂತೆ ಮನುಷ್ಯರ ಲೆಕ್ಕ.

ಈ ಕೆಲಸವಿಲ್ಲದೆ ಕಂಪನಿ ಉಳಿಯುತ್ತಿರಲಿಲ್ಲ ಎನ್ನಲೂ ಆಗದು: ಎಸ್‌ಎಸ್ ಕೊಟ್ಟ ಈ ಕೆಲಸ ಕಂಪನಿಯ ಒಟ್ಟು ವಹಿವಾಟಿನಲ್ಲಿ ಸುಮಾರು ಶೇ. 2 ಮಾತ್ರ.

ಶಿಕ್ಷೆ? ಮಾಲೀಕ ಲುಡ್ವಿಗ್ ಟಾಪ್ಫ್ 1945ರ ಮೇನಲ್ಲಿ ಆತ್ಮಹತ್ಯೆ ಮಾಡಿಕೊಂಡ. 1946ರಲ್ಲಿ ಸೋವಿಯತ್ ಸೇನೆ ಇಂಜಿನಿಯರುಗಳನ್ನು ಬಂಧಿಸಿತು. ಸಾಂಡರ್ ಅದೇ ವರ್ಷ ಸೆರೆಯಲ್ಲಿ ಸತ್ತ, ಪ್ರೂಫರ್ 1952ರಲ್ಲಿ. ಶಿಬಿರದ ನಕ್ಷೆ ಬರೆದ ವಾಸ್ತುಶಿಲ್ಪಿಗಳಾದ ವಾಲ್ಟರ್ ದೆಯಾಕೊ, ಫ್ರಿಟ್ಜ್ ಎರ್ಟಲ್ ಇಬ್ಬರನ್ನೂ ವಿಯೆನ್ನಾದ ನ್ಯಾಯಾಲಯ 1972ರಲ್ಲಿ ಖುಲಾಸೆ ಮಾಡಿತು.