ಅಸಮಾನತೆ ಅಳೆಯುವುದರಲ್ಲಿ ಟೋನಿ ಅಟ್ಕಿನ್ಸನ್ ಅವರ ಕೊಡುಗೆ ಏನು?

ಬ್ರಿಟನ್ನಿನ ಈ ಅರ್ಥಶಾಸ್ತ್ರಜ್ಞರು (1944–2017) ಜೀವನವಿಡೀ ಬಡತನ, ಅಸಮಾನತೆಯ ಮೇಲೇ ಕೆಲಸ ಮಾಡಿದರು. ಎಸೆಕ್ಸ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಆಕ್ಸ್‌ಫರ್ಡ್‌ಗಳಲ್ಲಿ ಇದ್ದರು.

ನನ್ನ ಪ್ರಕಾರ ಅವರ 1970ರ ಪ್ರಬಂಧವೇ ಎಲ್ಲಕ್ಕಿಂತ ದೊಡ್ಡದು. ಗಿನಿ ಸೂಚ್ಯಂಕದಂಥ (ಆದಾಯದ ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ) ಅಳತೆಗಳು ಸುಮ್ನೆ ಲೆಕ್ಕವಲ್ಲ, ಅವುಗಳೊಳಗೆ ನ್ಯಾಯದ ಒಂದು ತೀರ್ಮಾನ ಅಡಗಿರುತ್ತದೆ ಎಂದು ಅದರಲ್ಲಿ ತೋರಿಸಿದರು. ಒಂದು ದೇಶದಲ್ಲಿ ಕಡುಬಡವರ ಪಾಲು ತೀರಾ ಕಡಿಮೆ, ಇನ್ನೊಂದರಲ್ಲಿ ಶ್ರೀಮಂತರ ಪಾಲು ತೀರಾ ಜಾಸ್ತಿ ಅಂದುಕೊಳ್ಳಿ. ಯಾವುದು ಹೆಚ್ಚು ಅಸಮಾನ? ಬಡವರ ಕಷ್ಟಕ್ಕೆ ನಾವು ಕೊಡುವ ತೂಕದ ಮೇಲೆ ಉತ್ತರ ಬದಲಾಗುತ್ತದೆ, ಅಲ್ವಾ? ಅದೇ ಪ್ರಬಂಧದಲ್ಲಿ ಅಟ್ಕಿನ್ಸನ್ ರೂಪಿಸಿದ ಸೂಚ್ಯಂಕದಲ್ಲಿ ಆ ತೂಕವನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

2016ರಲ್ಲಿ ಅವರ ಅಧ್ಯಕ್ಷತೆಯ ಆಯೋಗ ಜಗತ್ತಿನ ಬಡತನ ಅಳೆಯುವ ಬಗ್ಗೆ ವಿಶ್ವಬ್ಯಾಂಕಿಗೆ ವರದಿ ಕೊಟ್ಟಿತು.